ಆಕಿಗೆ ಫಿಜಿಕ್ಸ್ ಬೇಕಂತ್ರಿ

ಅವತ್ತು ನಮ್ಮ ಓಣಿಗೆ ನೀರು ಬರುವ ದಿನವಾಗಿತ್ತು. ನಮ್ಮ ಕಡೆಯ ಗೃಹಿಣಿಯರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ನವನಗರದ ನಮ್ಮ ಓಣಿಯಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬೀಗರ ಹಾಗೆ ಬಂದಾಗ ಬರುತ್ತದೆ; ಬಂದ ದಿನ ಮನೆಮಂದಿಯೆಲ್ಲ ಬೇರೆ ಕೆಲಸ ಬಿಟ್ಟು ಅದರ ಉಪಚಾರಕ್ಕೆ ನಿಲ್ಲಬೇಕು. ಹಂಡೆ, ಕೊಡ, ಬಕೆಟ್ಟು, ಹಿಡಿಕೆ ಮುರಿದ ಹಳೆಯ ಕುಕ್ಕರು, ಎಲ್ಲವೂ ಅಂಗಳದಲ್ಲಿ ಸಾಲಾಗಿ ಕಾದಿರುತ್ತವೆ. ನಳ ಮೊದಲು ಕೆಮ್ಮುತ್ತದೆ, ಆಮೇಲೆ ಗಾಳಿ ಬಿಡುತ್ತದೆ, ಒಂದಿಷ್ಟು ಕೆಂಪು ನೀರು ಉಗುಳುತ್ತದೆ, ಕೊನೆಗೆ ಮರ್ಯಾದೆಯಿಂದ ಸುರಿಯತೊಡಗುತ್ತದೆ. ಇಷ್ಟು ಹೊತ್ತೂ ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ಹೊರಗೆ ಹೋಗಿ ಇಣುಕುವುದಿಲ್ಲ. ಖಾಲಿ ಕೊಡಕ್ಕೆ ಬೀಳುವ ನೀರಿನ ದನಿ ದಪ್ಪಗಿರುತ್ತದೆ. ತುಂಬುತ್ತ ಬಂದ ಹಾಗೆ ತೆಳ್ಳಗಾಗಿ ಮೇಲೇರುತ್ತದೆ. ಕಂಠದ ಹತ್ತಿರ ಬಂತೆಂದರೆ ಇನ್ನೇನು ಅತ್ತುಬಿಡುವ ಮಗುವಿನ ಹಾಗೆ ಕೇಳಿಸುತ್ತದೆ. ಆಗ ನಾನು ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಪೈಪನ್ನು ಮುಂದಿನ ಕೊಡಕ್ಕೆ ದಾಟಿಸಿ ಬರುತ್ತೇನೆ. ಲಗ್ನವಾಗಿ ಈ ಮನೆಗೆ ಬಂದಾಗಿನಿಂದ ನನ್ನ ಕೊಡ ತುಂಬಿ ಚೆಲ್ಲಿದ್ದಿಲ್ಲ. ನನ್ನ ಬಗ್ಗೆ ಹೇಳಿಕೊಳ್ಳಲು ಅಂತ ಇರುವುದು ಇದೊಂದೇ ಆದ್ದರಿಂದ ಮೊದಲಿಗೇ ಹೇಳಿಬಿಟ್ಟೆ.

ಈ ದನಿ ಯಾಕೆ ಮೇಲೇರುತ್ತದೆ ಎಂಬುದು ನನ್ನನ್ನು ಬಹಳ ವರ್ಷ ಕಾಡಿದೆ. ಹೊಸ ಸೊಸೆಯಾಗಿದ್ದಾಗ ಒಮ್ಮೆ ಅತ್ತೆಯವರನ್ನು ಕೇಳಿದ್ದೆ. "ಕೊಡ ತುಂಬತೈತಿ, ಏರತೈತಿ. ಇಳದ್ರ ಏನ ಚಂದ?" ಎಂದಿದ್ದರು. ಉತ್ತರದಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಸುಮ್ಮನಾದೆ. ಆಮೇಲೆ ನಮ್ಮ ಮಗ ಪಿಯುಸಿ ಸೈನ್ಸ್ ಸೇರಿದ. ಅವನ ಪುಸ್ತಕಗಳಿಗೆ ಖಾಕಿ ಹಾಳೆಯ ಕವರು ಹಾಕಲು ಕೂತೆ. ಉಳಿದ ಪುಸ್ತಕಗಳ ಕವರು ಒಂದು ಮಧ್ಯಾಹ್ನದಲ್ಲಿ ಮುಗಿಯಿತು; ಫಿಜಿಕ್ಸ್ ಪುಸ್ತಕದ್ದು ದಸರೆಯವರೆಗೂ ನಡೆಯಿತು. ಕೊಡದೊಳಗೆ ಉಳಿದಿರುವ ಗಾಳಿಯ ಕಂಬ ಗಿಡ್ಡವಾದಷ್ಟೂ ದನಿ ಎತ್ತರವಾಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ಅಂದರೆ ಇಷ್ಟು ವರ್ಷ ನಾನು ಕೇಳಿಸಿಕೊಂಡದ್ದು ನೀರಿನ ದನಿಯಲ್ಲ, ಇನ್ನೂ ಉಳಿದಿರುವ ಜಾಗದ ದನಿ. ಓದಿ ನನಗೆ ಏನಾಯಿತೆಂದು ಹೇಳಲಾರೆ. ಏನೋ ಆಗಿದ್ದಂತೂ ನಿಜ, ಯಾಕೆಂದರೆ ಅವತ್ತು ಹಾಲು ಉಕ್ಕಿ ಒಲೆ ಆರಿತ್ತು. ಮಗ ಹೇಗೋ ಪಾಸಾಗಿ, ನಿಟ್ಟುಸಿರು ಬಿಟ್ಟು ಬಿ.ಕಾಂ.ಗೆ ಹೋದ. ಪುಸ್ತಕ ನನ್ನ ಬಳಿಯೇ ಉಳಿಯಿತು. ಮಸಾಲೆ ಡಬ್ಬಿಗಳ ಹಿಂದೆ ಇಟ್ಟುಕೊಂಡಿದ್ದೇನೆ. ಅದರ ಬೆಳಕಿನ ಅಧ್ಯಾಯಕ್ಕೆ ಈಗ ಜೀರಿಗೆ ವಾಸನೆ.

ನಾನೂ ಒಂದು ಕಾಲದಲ್ಲಿ ಪಿಯುಸಿ ಸೈನ್ಸ್ ಮುಗಿಸಿದವಳೇ. ಅಂಕ ಚೆನ್ನಾಗಿದ್ದವು. ಕಾಲೇಜಿನಲ್ಲಿ ಹೆಸರು ಹಚ್ಚುವ ಮೊದಲೇ ಮನೆಯವರು ಅದನ್ನು ಲಗ್ನಪತ್ರಿಕೆಯಲ್ಲಿ ಹಚ್ಚಿದರು. ನಾನೇನೂ ಅತ್ತು ಕರೆದು ಮಾಡಲಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ನಮಗೆ ಎರಡು ಸಂಗತಿಗಳನ್ನು ಗಟ್ಟಿಯಾಗಿ ಕಲಿಸಿದ್ದರು: ಸುಳ್ಳು ಹೇಳಬಾರದು, ಹಿರಿಯರಿಗೆ ಎದುರಾಡಬಾರದು. ಇವೆರಡೂ ಒಟ್ಟಿಗೆ ಎದುರಾದಾಗ ಏನು ಮಾಡಬೇಕೆಂದು ಕೇಳಿದ್ದಕ್ಕೆ ಸಿಸ್ಟರ್ ಒಬ್ಬರು "ಸ್ಮೈಲ್, ಚೈಲ್ಡ್" ಎಂದಿದ್ದರು. ಆ ಮುಗುಳ್ನಗೆಯನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಗಂಡು ನೋಡಲು ಬಂದಾಗ ಅದನ್ನೇ ನಕ್ಕೆ. ಹುಡುಗಿ ಒಪ್ಪಿದಳು ಎಂದು ಎಲ್ಲರೂ ತಿಳಿದರು. ಆ ಗಂಡು ಒಳ್ಳೆಯವರೇ; ಈಗಲೂ ನಮ್ಮ ಮನೆಯವರು ಅವರೇ.

ಈ ನಲವತ್ತಾರನೆಯ ವಯಸ್ಸಿನಲ್ಲಿ ಡಿಗ್ರಿಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ಸುಲಭವಿತ್ತು, ನಕ್ಕು ಸುಮ್ಮನಾಗುತ್ತಿದ್ದೆ. ಅವರು ಆಗಲಿ ಎಂದು, ಯಾವ ವಿಷಯ ಎಂಬ ಚರ್ಚೆಗೆ ಕೂತರು. ಧಾರವಾಡದ ಒಂದು ಕಾಲೇಜಿನಲ್ಲಿ ವಯಸ್ಸಿನ ಅಡ್ಡಿಯಿಲ್ಲ ಎಂದು ಫೋನಿನಲ್ಲಿ ತಿಳಿದುಕೊಂಡಿದ್ದೆ. ಫಿಜಿಕ್ಸ್, ಕೆಮಿಸ್ಟ್ರಿ, ಕಲ್ಲು ಮಣ್ಣಿನ ಶಾಸ್ತ್ರವಾದ ಜಿಯಾಲಜಿ, ಈ ಮೂರರಲ್ಲಿ ಯಾವುದು ಮುಖ್ಯ ವಿಷಯ ಎಂದು ಖುದ್ದು ಬಂದು ಹೇಳಬೇಕಿತ್ತು. ಕೊನೆಯ ದಿನ, ನಾನು ಮೊದಲೇ ಹೇಳಿದ ಆ ನೀರಿನ ದಿನ.

ನಮ್ಮ ಮನೆಯವರು ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಾರೆ. ಮಾಲು ಕೊಳ್ಳುವಾಗ ಚೀಲದ ನಡುಮಧ್ಯ ಕೈ ಹಾಕಿ ಒಂದು ಮುಷ್ಟಿ ತೆಗೆದು, ಅಂಗೈಯಲ್ಲಿ ಉಜ್ಜಿ, ಊದಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವುದು ಅವರ ಕ್ರಮ. ವಿದ್ಯೆಯನ್ನೂ ಹಾಗೆಯೇ ನೋಡಿದರು. ಫಿಜಿಕ್ಸ್ ಪುಸ್ತಕವನ್ನು ನಡುವೆ ತೆರೆದು, ನಾಲ್ಕು ಸಾಲು ಓದಿ, ಹಾಳೆಯನ್ನು ಬೆರಳಲ್ಲಿ ಉಜ್ಜಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರು. ಕಡಿದು ನೋಡುತ್ತಾರೇನೋ ಎಂದು ನನಗೆ ಭಯವಾಯಿತು. "ಮಾಲು ಗಟ್ಟಿ ಐತಿ, ಶೋಭಾ. ಆದ್ರ ಗಿರಾಕಿ ಇಲ್ಲ," ಎಂದರು. "ಕೆಮಿಸ್ಟ್ರಿ ತಗೋ. ಗೊಬ್ಬರಾ, ಔಷಧಾ, ಬಣ್ಣಾ, ಎಲ್ಲಾ ಕಡೆ ನಡೀತೈತಿ."

"ನಾ ಎಲ್ಲಿ ನಡಸಬೇಕ್ರಿ ಅದನ್ನ?" ಎಂದೆ.

"ನೀ ಏನೂ ನಡಸಬ್ಯಾಡ. ಮಾಲು ಮನ್ಯಾಗ ಬಿದ್ದಿದ್ರೂ ರೇಟ್ ಇರಬೇಕು."

ಅತ್ತೆಯವರು ಜೋಳ ಹಸನು ಮಾಡುತ್ತ ಕೂತಿದ್ದರು. ಅವರಿಗೆ ಜಿಯಾಲಜಿ ಎಂದರೇನೆಂದು ಹೇಳಿದೆ. "ಕಲ್ಲು ನೋಡಾಕ ಕಾಲೇಜಿಗೆ ಯಾಕ ಹೋಗಬೇಕವಾ? ನಿನ್ನ ಗಂಡ ತಂದ ಜ್ವಾಳದಾಗ ಬೇಕಾದಷ್ಟು ಅದಾವಲ್ಲ," ಎಂದು ಮೊರದಿಂದ ಒಂದನ್ನು ಆರಿಸಿ ತೋರಿಸಿದರು. ನಮ್ಮ ಮನೆಯವರು ಆ ಕಲ್ಲನ್ನು ನೋಡಲಿಲ್ಲ. "ಯಾವುದರ ತಗೋ," ಎಂದು ಅತ್ತೆ ಮುಗಿಸಿದರು, "ಆದ್ರ ಮಧ್ಯಾಹ್ನದಾಗ ಇರಲಿ. ಮುಂಜಾನಿ ನಳಾ ಬರತೈತಿ." ವಿಚಾರಿಸಿದಾಗ, ಕೆಮಿಸ್ಟ್ರಿ ಪ್ರಾಕ್ಟಿಕಲ್ಲು ಮಧ್ಯಾಹ್ನ, ಫಿಜಿಕ್ಸ್ ಪ್ರಾಕ್ಟಿಕಲ್ಲು ಬೆಳಿಗ್ಗೆ ಎಂದು ತಿಳಿಯಿತು. ಅಲ್ಲಿಗೆ ಕೆಮಿಸ್ಟ್ರಿಯೇ ಎಂದು ತೀರ್ಮಾನವಾಯಿತು. ಒಂದು ವಿಜ್ಞಾನವನ್ನು ನಳ ಬರುವ ಹೊತ್ತು ನೋಡಿ ಆರಿಸಿದ ಮನೆ ನಮ್ಮ ಕಡೆ ಬಿಟ್ಟು ಬೇರೆ ಎಲ್ಲೂ ಇರಲಿಕ್ಕಿಲ್ಲ. ನಾನು ಏನಂದೆ ಎಂದು ನೀವು ಕೇಳಬಹುದು. ನಕ್ಕೆ.

ಹಾಗಾಗಿ ಆ ದಿನ ಕೊಡಗಳೆಲ್ಲ ತುಂಬಿದ ಮೇಲೆ, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಕೆಮಿಸ್ಟ್ರಿ ತೆಗೆದುಕೊಂಡು ಬರಲು ಹೊರಟೆ. ಒಂದು ಕಿಲೋ ಬೇಳೆ ತರಲು ಹೊರಟ ಹಾಗೆಯೇ ಅನಿಸುತ್ತಿತ್ತು. ಪಕ್ಕದ ಮನೆಯ ಫಾತಿಮಕ್ಕ ಗೇಟಿನಲ್ಲಿ ನಿಂತಿದ್ದರು. ಅವರ ಪೈಪು ಒಡೆದಿದ್ದರಿಂದ ನಮ್ಮದನ್ನು ಕೇಳಲು ಬಂದಿದ್ದರು. "ತಗೊಂಡ ಹೋಗ್ರಿ," ಎಂದೆ. ಅವರು ಪೈಪನ್ನು ಹೆಗಲಿಗೆ ಸುತ್ತಿಕೊಳ್ಳುತ್ತ ನನ್ನ ಸೀರೆ ನೋಡಿ, "ಯಾರದರ ಲಗ್ನ ಐತೇನ್ರಿ, ಶೋಭಕ್ಕಾರ?" ಎಂದರು. ನಾನು ನಕ್ಕೆ. "ಊಟಕ್ಕ ಏನ ಮಾಡ್ಯಾರಂತ ಬಂದ ಮ್ಯಾಲ ಹೇಳ್ರಿ," ಎಂದು ಅವರು ಒಳಗೆ ಹೋದರು. ಕಾಲೇಜಿನ ಸಂಗತಿ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಓದಿ ಮುಗಿಸಿದ ಮೇಲೆ ಹೇಳೋಣ ಎಂದುಕೊಂಡಿದ್ದೆ. ಮುಗಿಸದಿದ್ದರೆ ಹೇಳುವ ತೊಂದರೆಯೇ ಇಲ್ಲ.

ಕಾಲೇಜಿನ ವರಾಂಡದಲ್ಲಿ ತಾಯಂದಿರ ಜಾತ್ರೆಯೇ ನೆರೆದಿತ್ತು. ಹುಡುಗಿಯರು ಫೋನು ನೋಡುತ್ತಿದ್ದರು, ತಾಯಂದಿರು ಪಾಳಿ ಕಾಯುತ್ತಿದ್ದರು. ಬಾಗಿಲಲ್ಲಿದ್ದ ಜವಾನ ನನ್ನನ್ನು ನೋಡಿದವನೇ, "ಮಗಳ ಅಡ್ಮಿಶನ್ನಿಗೆ ಏನ್ರಿ? ಅಲ್ಲಿ ಬೆಂಚಿನ ಮ್ಯಾಲ ಕೂಡ್ರಿ," ಎಂದ. ಅಲ್ಲಪ್ಪಾ, ನನ್ನದೇ ಎಂದು ಹೇಳಲು ಬಾಯಿ ತೆರೆದೆ. ಅಭ್ಯಾಸಬಲದಿಂದ ಅದು ಮುಗುಳ್ನಗೆಯಾಗಿ ಹೊರಬಂತು. ಹೋಗಿ ಬೆಂಚಿನ ಮೇಲೆ ಕೂತೆ.

ಪಕ್ಕದಲ್ಲಿ ಬೆಂಗೇರಿಯಿಂದ ಬಂದ ಹೆಂಗಸು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಕಪ್ಪು ಬುರ್ಖಾದ ಮೇಲೆ ಸಣ್ಣ ಟಿಫಿನ್ ಚೀಲ ಇಟ್ಟುಕೊಂಡಿದ್ದಳು. ಗಂಡನದು ಸ್ಕೂಟರ್ ರಿಪೇರಿ ಗ್ಯಾರೇಜು, ಮಗಳು ಸಾನಿಯಾಗೆ ಕೆಮಿಸ್ಟ್ರಿ ಬೇಕು ಎಂಬುದೆಲ್ಲ ನಾನು ಸೆರಗು ಸರಿ ಮಾಡಿಕೊಳ್ಳುವುದರೊಳಗೆ ತಿಳಿಯಿತು. ಆಮೇಲೆ ನನ್ನ ಸರದಿ.

"ನಿಮ್ಮ ಹುಡುಗಿ ಎಲ್ಲಿ ಅದಾಳ್ರಿ?"

"ಇಲ್ಲೇ ಅದಾಳ್ರಿ," ಎಂದೆ. ಸುಳ್ಳು ಹೇಳಲಿಲ್ಲ. ನೀವು ಲೆಕ್ಕ ಹಾಕಿ ನೋಡಿರಿ, ಮುಂದೆಯೂ ಆ ಬೆಂಚಿನ ಮೇಲೆ ಒಂದೇ ಒಂದು ಸುಳ್ಳು ಹೇಳಿಲ್ಲ.

"ಓದಿನಾಗ ಶಾಣ್ಯಾ ಅದಾಳೇನ್ರಿ?"

"ಮದಲ ಇದ್ಳು. ಈಗ ಹೇಳಾಕ ಬರಂಗಿಲ್ರಿ."

"ಯಾಕ್ರಿ ಅಕ್ಕಾರ, ಏನಾತು?"

"ನಡುವ ಸ್ವಲ್ಪ ಗ್ಯಾಪ್ ಆತ್ರಿ."

"ಒಂದ ವರ್ಷ?"

"ಅದಕ್ಕಿಂತ ಸ್ವಲ್ಪ ಜಾಸ್ತಿನ."

"ಆರಾಮ ಇರಲಿಲ್ಲೇನ್ರಿ ಆಕಿಗೆ?"

"ಆರಾಮ ಇದ್ಳ್ರಿ. ಲಗ್ನ ಆತು."

ಆಕೆ ಟಿಫಿನ್ ಚೀಲವನ್ನು ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿದಳು. "ಓದೋ ಹುಡುಗೀಗೆ ಲಗ್ನಾ ಮಾಡಿಬಿಟ್ರಿ? ನೀವು ಬ್ಯಾಡ ಅನ್ನಬೇಕಿಲ್ಲೇನ್ರಿ?"

"ಆವಾಗ ನನಗ ಅಷ್ಟ ತಿಳುವಳಿಕಿ ಇರಲಿಲ್ರಿ," ಎಂದೆ. ಈ ಮಾತು ಹೇಳಿ, ಬೆಂಚಿನ ಖಾಲಿ ಜಾಗವನ್ನು ಕೈಯಿಂದ ಒರೆಸತೊಡಗಿದೆ. ವರಾಂಡದಲ್ಲಿ ಧೂಳಿತ್ತು.

"ಹೋಗ್ಲಿ ಬಿಡ್ರಿ. ಈಗರ ಕರಕೊಂಡ ಬಂದೀರಲ್ಲ," ಎಂದು ಆಕೆ ನನ್ನ ಮೊಣಕಾಲು ತಟ್ಟಿದಳು. "ಅತ್ತಿ ಮನಿಯವರು ಕಳಸ್ತಾರೇನ್ರಿ?"

"ಕಳಸ್ತಾರ್ರಿ, ಛಲೋ ಮಂದಿ. ಆದ್ರ ಆಕಿಗೆ ಫಿಜಿಕ್ಸ್ ಬೇಕಂತ್ರಿ. ಅವರು ಕೆಮಿಸ್ಟ್ರಿ ತಗೋ ಅಂತಾರ."

"ಓದಾಕಿ ಆಕಿನೋ, ಅವರೋ?"

"ಆಕಿನ ರೀ."

"ಮತ್ತ ಆಕಿ ಅವರಿಗೆ ಹೇಳಂಗಿಲ್ಲೇನು?"

"ಆಕಿ ಮಾತಾಡಂಗಿಲ್ರಿ. ಸುಮ್ಮ ನಗತಾಳ."

"ಎವ್ವಾ!" ಎಂದು ಆಕೆ ಹಣೆ ಬಡಿದುಕೊಂಡಳು. ಈ ಗುಣ ಆಕೆಗೆ ಮೊದಲಿನಿಂದಲೂ ಗೊತ್ತಿತ್ತು ಎಂಬಂತೆ. "ಅಂಥಾ ಹುಡುಗೀನ ಕಟಿಗೊಂಡು ನೀವು ಭಾಳ ತ್ರಾಸ ಪಟ್ಟೀರಿ ಬಿಡ್ರಿ. ಅಕ್ಕಾರ, ನಾ ಒಂದ ಮಾತ ಹೇಳತೇನಿ ಕೇಳ್ರಿ. ಆಕಿ ಅಂತೂ ಬಾಯಿ ಬಿಡಂಗಿಲ್ಲ. ನೀವರ ಬಿಡ್ರಿ. ಒಳಗ ಹೋಗಿ ಫಿಜಿಕ್ಸ್ ಅಂತ ಗಟ್ಟಿ ಹೇಳ್ರಿ. ಅವ್ವ ಆದಾಕಿ ಅಷ್ಟೂ ಹೇಳದಿದ್ರ ಯಾರ ಹೇಳಬೇಕು?"

"ಹೇಳತೇನ್ರಿ," ಎಂದೆ. ಆ ಹುಡುಗಿಯ ಬಗ್ಗೆ ನನಗೆ ನಿಜವಾಗಿಯೂ ಕನಿಕರ ಬಂದಿತ್ತು. ಒಳ್ಳೆಯ ಹುಡುಗಿ, ಸ್ವಲ್ಪ ಮೆತ್ತಗೆ ಅಷ್ಟೆ. ಯಾರಾದರೂ ಅವಳ ಪರವಾಗಿ ನಿಲ್ಲಬೇಕು ಎಂದು ಯಾವತ್ತೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಆಕೆಯ ಪಾಳಿ ಬಂತು. ಒಳಗೆ ಹೋಗಿ ಕೆಲಸ ಮುಗಿಸಿ ಹೊರಬಂದವಳು, ಹೋಗುತ್ತ ಹೋಗುತ್ತ ನನ್ನ ಕಡೆ ಮುಷ್ಟಿ ಬಿಗಿದು ತೋರಿಸಿ, ಸಾನಿಯಾಳ ಕೈಯಿಂದ ಫೋನು ಕಸಿದುಕೊಂಡು ಮೆಟ್ಟಿಲಿಳಿದಳು.

ಒಳಗೆ ಮೇಜಿನ ಹಿಂದೆ ಕೂತಿದ್ದ ಲೆಕ್ಚರರು ತೀರಾ ಎಳೆಯ ವಯಸ್ಸಿನವರು. ಅಂಗಿಯ ಜೇಬಿನ ಮೇಲೆ ಶಾಯಿ ಕಲೆ ಇತ್ತು. ನಿಂಬೆಹಣ್ಣು, ಉಪ್ಪು ಹಚ್ಚಿದರೆ ಹೋಗುತ್ತದೆ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ನನ್ನ ಮಾರ್ಕ್ಸ್ ಕಾರ್ಡು ತೆಗೆದುಕೊಂಡು, ತಿರುಗಿಸಿ ನೋಡಿ, ಬಹಳ ಸೌಜನ್ಯದಿಂದ ವಾಪಸು ಚಾಚಿದರು.

"ಅಮ್ಮಾರ, ಗಡಿಬಿಡ್ಯಾಗ ನಿಮ್ಮದು ತಂದೀರಿ. ಇದು ಹಳೇದು. ಮಗಳದು ಕೊಡ್ರಿ."

"ಕೊಡಬೇಕಾಗಿದ್ದು ಅದನ ರೀ."

"ಇದು ನಿಮ್ಮದಲ್ಲೇನ್ರಿ?"

"ಹೌದ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ತೊಂದರೆ ಕೊಡುತ್ತಿದ್ದೇನೆ ಎಂದು ನನಗೆ ನಾಚಿಕೆಯಾಯಿತು. "ಇರ್ಲಿ ರೀ, ಅದನ್ನ ಆಮ್ಯಾಲ ನೋಡೂಣು. ಮುಖ್ಯ ವಿಷಯ ಯಾವುದು ಬರಕೊಳ್ಳಲಿ? ಕೆಮಿಸ್ಟ್ರಿ? ಎಲ್ಲಾರೂ ಅದನ್ನ ತಗೊಳ್ಳಾಕತ್ತಾರ," ಎಂದು ಪೆನ್ನು ಹಾಳೆಗೆ ಮುಟ್ಟಿಸಿದರು.

ನನ್ನ ಮುಖದ ಮೇಲೆ ಆ ಹಳೆಯ ಮುಗುಳ್ನಗೆ ಬಂದು ಕೂತಿತು. ಬಂದದ್ದು ನನಗೇ ಗೊತ್ತಾಯಿತು. ಕೆನ್ನೆಯ ಎರಡೂ ಕಡೆ ಎಳೆದ ಹಾಗೆ. ಗಂಡು ನೋಡಲು ಬಂದವರಿಗೆ ಕಂಡದ್ದು ಇದೇ, ಕೆಮಿಸ್ಟ್ರಿ ತಗೋ ಎಂದ ನಮ್ಮ ಮನೆಯವರಿಗೆ ಕಂಡದ್ದೂ ಇದೇ. ಇನ್ನೊಂದು ಕ್ಷಣ ಬಿಟ್ಟರೆ ಆ ಪೆನ್ನು ಓಡಿಬಿಡುತ್ತಿತ್ತು. ನನಗೆ ಫಿಜಿಕ್ಸ್ ಬೇಕು ಎಂದು ಹೇಳಲು ನೋಡಿದೆ. 'ನನಗೆ' ಎಂಬುದು ಗಂಟಲ ತನಕ ಬಂದು ನಿಂತೇಬಿಟ್ಟಿತು. ಹೊರಗೆ ಬೆಂಚಿನ ಮೇಲೆ ಆಡಿದ್ದ ಮಾತು ಮಾತ್ರ ಬಾಯಿಯಲ್ಲಿ ಇನ್ನೂ ಬಿಸಿಯಾಗಿತ್ತು.

"ಆಕಿಗೆ ಫಿಜಿಕ್ಸ್ ಬೇಕಂತ್ರಿ!" ಎಂದೆ. ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಪಕ್ಕದ ಮೇಜಿನವರು ತಲೆಯೆತ್ತಿದರು.

"ಆಕಿಗಂದ್ರ ಯಾರಿಗ್ರಿ?"

"ನನಗ ರೀ."

ಲೆಕ್ಚರರು ಕಾರ್ಡನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಆಮೇಲೆ ಎದ್ದು ನಿಂತರು. ಯಾಕೆ ಎದ್ದರೋ ತಿಳಿಯದು. ವಿದ್ಯಾರ್ಥಿ ಬಂದಾಗ ಗುರುಗಳು ಏಳುವ ಪದ್ಧತಿ ನಮ್ಮ ಕಾನ್ವೆಂಟಿನಲ್ಲಂತೂ ಇರಲಿಲ್ಲ. ಮತ್ತೆ ಕೂತು, "ಪ್ರಾಕ್ಟಿಕಲ್ ಮುಂಜಾನಿ ಎಂಟಕ್ಕ ಇರತಾವ್ರಿ. ಮನ್ಯಾಗ ನಡೀತೈತಿ?" ಎಂದರು.

"ನಡೀತೈತ್ರಿ," ಎಂದೆ. ನೀವು ಲೆಕ್ಕ ಇಟ್ಟುಕೊಂಡಿದ್ದರೆ, ಇದೊಂದು ಸುಳ್ಳು.

ಮನೆಗೆ ಬಂದು ಸೀರೆ ಮಡಿಚಿಟ್ಟು ಸಂಜೆಯವರೆಗೆ ಯಾರಿಗೂ ಏನೂ ಹೇಳಲಿಲ್ಲ. ಇವರು ಅಂಗಡಿಯಿಂದ ಬಂದು ಕೈಕಾಲು ತೊಳೆದು, ಚಹಾ ಕುಡಿಯುತ್ತ, "ತಗೊಂಡ ಬಂದೇನು?" ಎಂದರು.

"ತಗೊಂಡೆ. ಫಿಜಿಕ್ಸ್."

ಇವರು ಚಹಾದ ಕಪ್ಪನ್ನು ಕೆಳಗಿಟ್ಟರು. ಅತ್ತೆಯವರು ಜಪಸರ ಎಣಿಸುವುದನ್ನು ನಿಲ್ಲಿಸಿದರು. ಇವರ ಮುಖದಲ್ಲಿ ಸಿಟ್ಟಿರಲಿಲ್ಲ. ಕಾಳಿನ ದರ ಕುಸಿದ ದಿನ ಮಾರುಕಟ್ಟೆಯಿಂದ ಬಂದಾಗ ಇರುವಂಥ ಒಂದು ಗಂಭೀರತೆ ಇತ್ತು. "ಮಾತಾಗಿದ್ದು ಕೆಮಿಸ್ಟ್ರಿ ಅಂತಲ್ಲ?" ಎಂದರು.

"ಹೌದ್ರಿ. ಆದ್ರ ಅಲ್ಲಿ ಹೋದ ಮ್ಯಾಲ ಕೈ ಕೊಟ್ಟಬಿಟ್ಟೆ."

ಮಾರುಕಟ್ಟೆಯಲ್ಲಿ ಒಮ್ಮೆ ಕೈಗೆ ಕೈ ಕೊಟ್ಟು ಸೌದಾ ಮುಗಿಸಿದರೆ ಆಮೇಲೆ ಬಾಯಿ ತೆರೆಯುವ ಹಾಗಿಲ್ಲ, ತೆರೆದವನಿಗೆ ಮರ್ಯಾದೆಯಿಲ್ಲ. ಇದು ಅವರದೇ ನಿಯಮ. ಇಷ್ಟು ವರ್ಷ ಊಟದ ಹೊತ್ತಿಗೆ ಕೇಳಿಸಿಕೊಂಡ ವ್ಯಾಪಾರದ ಮಾತು ಒಂದಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡೆ. ಅವರು ಚಹಾ ಮುಗಿಸಿದರು. "ಕೈ ಕೊಟ್ಟ ಮ್ಯಾಲ ಮುಗೀತು," ಎಂದರು.

"ಏನ ಮುಗೀತೋ?" ಎಂದರು ಅತ್ತೆ. "ಮುಂಜಾನಿ ನಳಾ ಬಂದ್ರ ಯಾರ ಹಿಡೀತಾರ?"

ಇವರು ಅಂಗಳದಲ್ಲಿ ಸಾಲಾಗಿ ನಿಂತಿದ್ದ ಕೊಡಗಳನ್ನು ಕಿಟಕಿಯಿಂದ ನೋಡಿದರು. ಅವನ್ನು ಅವರು ಮೊದಲ ಸಲ ನೋಡುತ್ತಿದ್ದರೆಂದು ಕಾಣುತ್ತದೆ. ಇಷ್ಟೊಂದು ಇವೆಯೇ ಎಂಬ ಆಶ್ಚರ್ಯ ಹುಬ್ಬಿನಲ್ಲಿತ್ತು. "ನಾನ ಹಿಡೀತೇನಿ," ಎಂದರು ಕೊನೆಗೆ. "ಆದ್ರ ಪೇಪರ್ ಓದಕೋಂತ ಕುಂತಿರತೇನಿ. ತುಂಬಿದ್ದು ನನಗ ಹ್ಯಾಂಗ ಗೊತ್ತಾಗಬೇಕು?"

ಮಸಾಲೆ ಡಬ್ಬಿಗಳ ಹಿಂದಿನಿಂದ ಪುಸ್ತಕ ತಂದು, ಗಾಳಿಯ ಕಂಬದ ಪುಟ ತೆಗೆದು ಅವರ ಮುಂದಿಟ್ಟೆ. ಅವರು ಹಾಳೆಯನ್ನು ಬೆರಳಲ್ಲಿ ಉಜ್ಜಿ, ಓದತೊಡಗಿದರು. ಅರ್ಧ ಪುಟ ಆದ ಮೇಲೆ ತಲೆಯೆತ್ತಿ, "ಖರೇನ?" ಎಂದರು. ನಾನು ನಗಲಿಲ್ಲ. "ಖರೇ," ಎಂದೆ.

ಆಗ ಫಾತಿಮಕ್ಕ ಪೈಪು ವಾಪಸು ಕೊಡಲು ಬಂದರು. ಅದನ್ನು ಸುತ್ತಿ ಕಟ್ಟೆಯ ಮೇಲಿಟ್ಟು, ಲಗ್ನದಲ್ಲಿ ಏನು ಊಟ ಎಂದು ಕೇಳುವುದನ್ನು ಮರೆತು, ನೇರವಾಗಿ ಬೇರೆ ಸುದ್ದಿಗೆ ಬಂದರು. "ನಮ್ಮ ಬೆಂಗೇರಿ ನಾದಿನಿ ಇವತ್ತ ಮಗಳ ಅಡ್ಮಿಶನ್ನಿಗೆ ಧಾರವಾಡಕ್ಕ ಹೋಗಿದ್ಳ್ರಿ, ಶೋಭಕ್ಕಾರ. ಈಗ ಫೋನ್ ಮಾಡಿದ್ಳು. ಅಲ್ಲೆ ಒಬ್ಬಾಕಿ ಬಂದಿದ್ಳಂತ. ಮಗಳಿಗೆ ಲಗ್ನ ಆಗೇತಂತ, ಓದು ಬಿಟ್ಟು ಎಷ್ಟೋ ವರ್ಷ ಆತಂತ. ಆದ್ರೂ ಅವ್ವ ಆದಾಕಿ ಇಳಕಲ್ ಸೀರಿ ಉಟಗೊಂಡು ಬಂದು ಒಬ್ಬಾಕಿನ ಬೆಂಚಿನ ಮ್ಯಾಲ ಕುಂತಿದ್ಳಂತ, ಪಾಪ. ನಮ್ಮ ನಾದಿನಿ ಅಂತೂ ಆಕೀನ ಹೊಗಳಿದ್ದ ಹೊಗಳಿದ್ದು."

ನಾನು ಸೆರಗಿನಿಂದ ಕಟ್ಟೆಯ ಮೇಲಿನ ನೀರು ಒರೆಸಿದೆ. ಒಳಗೆ ಇವರು ಪುಟ ತಿರುವಿದ ಸದ್ದಾಯಿತು.

ಫಾತಿಮಕ್ಕ ಚಪ್ಪಲಿ ಮೆಟ್ಟುತ್ತ, ಅರ್ಧ ನನಗೆ ಅರ್ಧ ಗೇಟಿಗೆ ಹೇಳಿದ ಹಾಗೆ ಹೇಳಿದರು: "ತಾಯಿ ಭಾಳ ಛಲೋ ಇದ್ದಾಳಂತ್ರಿ. ಮಗಳ ಮಾತ್ರ ಶುದ್ಧ ಮೈಗಳ್ಳಿ ಇರಬೇಕು ನೋಡ್ರಿ, ಬಿಸಿಲಾಗ ಅವ್ವನ್ನ ಕಳಿಸಿ ತಾ ಎಲ್ಲಿ ನಕ್ಕೋತ ಕುಂತಿದ್ಳೋ ಏನೋ!"